ಕ್ಲಾಸಿಗೆ ಅಂತ ಕೊಟ್ಟ ಫೋಟೋ

4 ನವೆಂಬರ್, ಮಂಗಳವಾರ. ಬೆಳಗ್ಗೆ 7.40, ಬಸ್ಸು

ತೊಪ್ಪೂರು ಘಾಟಿಯಲ್ಲಿ ಮತ್ತೆ ಲಾರಿ ಮಗುಚಿದೆಯಂತೆ. ಇಪ್ಪತ್ತು ನಿಮಿಷದಿಂದ ನಿಂತಲ್ಲೇ ನಿಂತಿದ್ದೇವೆ. ಪಕ್ಕದ ಸೀಟಿನ ಹೆಂಗಸು ಈ ಪುಸ್ತಕ ಇಣುಕಿ ನೋಡಿ "ತೆಲುಂಗಾ?" ಎಂದಳು. ಹೌದು ಎಂದೆ. ಕನ್ನಡ ಅಂದರೆ ಅರ್ಧ ಗಂಟೆ ವಂಶಾವಳಿ ಹೇಳಬೇಕು.

ತಾತ ಮಗ್ಗದ ಪಕ್ಕ ಕೂರಿಸಿ ಕಲಿಸಿದ ಅಕ್ಷರ ಇದು. ಸೇಲಂನ ನಮ್ಮ ನೇಕಾರರ ಬೀದಿಯಲ್ಲಿ ಮಾತು ಕನ್ನಡ, ಓದು ತಮಿಳು. ಗಂಡ ರವಿಶಂಕರ್‌ಗೆ ಒಂದಕ್ಷರ ಬಾರದು, ಮಗಳಿಗೆ ಮಾತೇ ಅರ್ಧ. ಹಾಗಾಗಿ ಈ ಪುಸ್ತಕ ಟಿವಿ ಮೇಲೆ ಬಿದ್ದಿದ್ದರೂ ಭಯವಿಲ್ಲ. ಏನು ಬೇಕಾದರೂ ಬರೆಯಬಹುದು. ಯಾರನ್ನು ಬೇಕಾದರೂ ಬೈಯಬಹುದು.

ಇವತ್ತು ಬೈಯಬೇಕಾದ್ದು ಎಚ್ಎಂ ಕಲೈವಾಣಿ ಮೇಡಂ ಅವರನ್ನು. ನಾನು ಗಣಿತದ ಟೀಚರ್. ಪ್ರೊಜೆಕ್ಟರ್ ಆನ್ ಮಾಡಲು ಬರುತ್ತದೆ ಎಂಬ ಒಂದೇ ತಪ್ಪಿಗೆ ಶಾಲೆಯ ಕಂಪ್ಯೂಟರ್ ಕೆಲಸವೆಲ್ಲ ನನ್ನ ತಲೆಗೆ. ಈಗ ಮೇಲಿಂದ ಹೊಸ ಆದೇಶ. ಎಂಟರಿಂದ ಹತ್ತನೇ ಕ್ಲಾಸಿನ ಹುಡುಗಿಯರಿಗೆ 'ಸ್ವಂತ ಫೋಟೋಗಳನ್ನು ಆನ್‌ಲೈನಿನಲ್ಲಿ ಸುರಕ್ಷಿತವಾಗಿ ಹಂಚಿಕೊಳ್ಳುವುದು ಹೇಗೆ' ಎಂದು ಪಾಠ. ಸಂತೋಷ. ಆದರೆ ಪಾಠ ಮಾಡಿದ್ದಕ್ಕೆ ಸಾಕ್ಷಿ ಬೇಕಂತೆ. ಮಕ್ಕಳ ಮುಖ ಕಾಣುವ ಹಾಗೆ ಫೋಟೋ, ಜಾಗ ಮತ್ತು ಹೊತ್ತು ಫೋಟೋದ ಮೇಲೆಯೇ ಬರುವ ಹಾಗೆ.

"ಮೇಡಂ, ಇದನ್ನು ಮಾಡಬೇಡಿ ಅಂತಲೇ ಅಲ್ಲವೇ ಪಾಠ?" ಎಂದೆ.

"ಶಶಿಕಲಾ, ಆರ್ಡರ್ ಬಂದಿದೆ" ಎಂದರು. ಅವರ ಬಾಯಲ್ಲಿ ಆ ಮಾತು ಬಂದರೆ ಮುಗಿಯಿತು.

ಬಸ್ಸು ಹೊರಟಿತು. ಅಕ್ಷರ ಕುಣಿಯುತ್ತಿದೆ.

5 ನವೆಂಬರ್. ಸಂಜೆ, ಬಸ್ಸು

ಮೇಲಿಂದ ಬಂದ ಪಿಪಿಟಿ ನೋಡಿದೆ. ಸಮುದ್ರದ ದಡದಲ್ಲಿ ಚಿನ್ನದ ಕೂದಲಿನ ಮಕ್ಕಳು. ನಮ್ಮ ಶಾಲೆಯಿರುವ ನಲ್ಲಂಪಳ್ಳಿ ಸುತ್ತಿನ ರಾಗಿ ಹೊಲದ ಹುಡುಗಿಯರು ಅದರಿಂದ ಏನು ಕಲಿಯಬೇಕು. ನಾನೇ ಹೊಸದು ಮಾಡುತ್ತೇನೆ ಅಂದುಕೊಂಡೆ. ನಮ್ಮ ಯೂನಿಫಾರ್ಮು, ನಮ್ಮ ಮನೆ ಬಾಗಿಲು ಕಾಣುವ ಫೋಟೋ ಬೇಕು.

ಒಂಬತ್ತನೇ ಕ್ಲಾಸಿನಲ್ಲಿ ಕೇಳಿದೆ. ಮೂವತ್ತಮೂರೂ ತಲೆ ತಗ್ಗಿದವು. ದಿನಕ್ಕೆ ಮೂರು ಸೆಲ್ಫಿ ಇನ್‌ಸ್ಟಾಗೆ ಏರಿಸುವವರಿಗೆ ನನಗೆ ಕೊಡಲು ನಾಚಿಕೆ.

ಬೆಲ್ ಆದ ಮೇಲೆ ಶರಣ್ಯ ಬಂದಳು. ಖೋ ಖೋ ಆಡುವ ಹುಡುಗಿ, ಎರಡನೇ ಬೆಂಚು. ಮನೆ ಮಾತು ಕನ್ನಡ. ಎಲ್ಲರ ಎದುರು ತಮಿಳು, ನಾನೊಬ್ಬಳೇ ಇದ್ದಾಗ ಕನ್ನಡ.

"ನಂದೊಂದು ಐತೆ ಮಿಸ್. ಖೋ ಖೋ ಸರ್ಟಿಫಿಕೇಟ್ ಇಟ್ಕಂಡು ನಿಂತಿರೋದು. ಮಾಮ ತಗ್ದಿದ್ದು." ಸ್ವಲ್ಪ ತಡೆದು ಕೇಳಿದಳು, "ನಮ್ ಕ್ಲಾಸ್ಗೆ ತಾನೇ ಮಿಸ್?"

"ಹೂಂ, ಇನ್ನೇನು" ಎಂದೆ.

ಈಗ ಬಂತು, ಅವಳ ಅಮ್ಮ ರೋಜಾಳ ನಂಬರಿನಿಂದ. ಹೇಳಿ ಮಾಡಿಸಿದ ಹಾಗಿದೆ. ನೀಲಿ ಬಾಗಿಲು, ಅದರ ಮೇಲೆ ಮನೆ ನಂಬರು. ಪಕ್ಕದಲ್ಲಿ ಅಪ್ಪನ ಮೊಪೆಡ್, ನಂಬರ್ ಪ್ಲೇಟ್ ಸಮೇತ. ಕೊರಳಲ್ಲಿ ಐಡಿ ಕಾರ್ಡು. ಕೈಯಲ್ಲಿ ಊರು, ಶಾಲೆ, ಹೆಸರು ಎಲ್ಲ ಬರೆದ ಸರ್ಟಿಫಿಕೇಟು. ಕಳ್ಳನಿಗೆ ವಿಳಾಸ ಹುಡುಕುವ ಕೆಲಸವೇ ಇಲ್ಲ.

6 ನವೆಂಬರ್. ಸಂಜೆ

ಪಾಠ ಚೆನ್ನಾಯಿತು. ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತೇನೆ, ಬೇರೆ ಯಾರು ತಟ್ಟುತ್ತಾರೆ.

ಎರಡು ಸ್ಲೈಡು ಮಾಡಿದ್ದೆ. ಒಂದರ ತಲೆಬರಹ 'ಮೊದಲು', ಇನ್ನೊಂದು 'ನಂತರ'. 'ಮೊದಲು' ಸ್ಲೈಡಿನಲ್ಲಿ ಇದ್ದ ಫೋಟೋ ಇದ್ದ ಹಾಗೆ, ಅಪಾಯದ ನಾಲ್ಕು ಜಾಗಕ್ಕೆ ಕೆಂಪು ಸುತ್ತು. 'ನಂತರ'ದಲ್ಲಿ ಮುಖ ಮಸುಕು, ನಂಬರು ಮಸುಕು, ಐಡಿ ಕಾರ್ಡು ಇಲ್ಲ. ಕೊನೆಗೆ ಮೂರು ನಿಯಮ. ಹಾಕುವ ಮೊದಲು ಹಿನ್ನೆಲೆ ನೋಡು. ಯಾರು ಯಾರು ನೋಡುತ್ತಾರೆ ಗೊತ್ತಿರಲಿ. ಫೋಟೋದಲ್ಲಿ ಇರುವವರನ್ನು ಕೇಳು.

ಒಬ್ಬಳು ಎದ್ದು ನಿಂತು, "ಮಿಸ್, ನಮ್ಮಪ್ಪ ನನ್ನ ಆಧಾರ್ ಕಾರ್ಡನ್ನೇ ಸ್ಟೇಟಸ್ ಹಾಕಿದ್ದಾರೆ" ಎಂದಳು. ಕ್ಲಾಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ.

ಸಾಕ್ಷಿ ಫೋಟೋ ತೆಗೆದು ಕಳಿಸಿದೆ. ಜಾಗ, ಹೊತ್ತು, ಮೂವತ್ತಮೂರು ಮುಖ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ.

7 ನವೆಂಬರ್

ಎಚ್ಎಂಗೆ ಪಿಪಿಟಿ ಹಿಡಿಸಿದೆ. ಟೀಚರ್ಸ್ ಗ್ರೂಪಿಗೆ ಹಾಕು, ಉಳಿದ ಶಾಲೆಗಳಿಗೂ ಆಗುತ್ತದೆ ಎಂದರು. ಹಾಕಿದೆ. ಇನ್ನೂರ ಹನ್ನೆರಡು ಜನ. ಸಂಜೆಯೊಳಗೆ ನಲವತ್ತು ಹೆಬ್ಬೆಟ್ಟು, ಹನ್ನೊಂದು ಚಪ್ಪಾಳೆ. 'ಮಾದರಿ ಪಾಠ' ಎಂದು ಯಾರೋ ಬರೆದರು. ಇಪ್ಪತ್ತು ವರ್ಷ ಗಣಿತ ಹೇಳಿಕೊಟ್ಟಿದ್ದಕ್ಕೆ ಒಂದು ಹೆಬ್ಬೆಟ್ಟೂ ಬಿದ್ದಿರಲಿಲ್ಲ.

ಅವರೆಕಾಳು ಉಪ್ಪಿಟ್ಟು ಮಾಡಿಕೊಂಡು ತಿಂದೆ.

18 ನವೆಂಬರ್, ಮಂಗಳವಾರ. ಸಂಜೆ, ಬಸ್ಸು

ಹತ್ತು ದಿನ ಬರೆದಿಲ್ಲ. ಯೂನಿಟ್ ಟೆಸ್ಟ್ ಪೇಪರು, ಮಳೆ, ಮಗಳ ಜ್ವರ.

ಶರಣ್ಯ ಗುರುವಾರದಿಂದ ಬಂದಿಲ್ಲ. ಜ್ವರವಿರಬೇಕು ಎಂದು ಆಬ್ಸೆಂಟ್ ಹಾಕಿ ಸುಮ್ಮನಿದ್ದೆ. ಇವತ್ತು ಅವಳ ಊರಿನ ಹುಡುಗಿಯೊಬ್ಬಳು ಹೇಳಿದಳು. ಜ್ವರವಲ್ಲ. ಇನ್‌ಸ್ಟಾದಲ್ಲಿ ಅವಳ ಹೆಸರಿನ ಅಕೌಂಟ್ ಇದೆಯಂತೆ, ಊರ ಹುಡುಗರಿಗೆಲ್ಲ ಅದರಿಂದ 'ಹಾಯ್' ಹೋಗಿದೆಯಂತೆ. ಅಪ್ಪ ಶಾಲೆ ಬಿಡಿಸಿದ್ದಾರೆ.

ನಾಲ್ಕು ದಿನ. ನಾನು ನಾಲ್ಕು ದಿನ ಆಬ್ಸೆಂಟ್ ಹಾಕುತ್ತಾ ಕೂತಿದ್ದೆ.

19 ನವೆಂಬರ್. ಸಂಜೆ

ಶಾಲೆಯಿಂದ ಎರಡು ಕಿಲೋಮೀಟರ್ ಕೆಸರು ತುಳಿದು ಅವರ ಮನೆಗೆ ಹೋದೆ. ಅದೇ ನೀಲಿ ಬಾಗಿಲು. ಅಪ್ಪ ಮುನುಸ್ವಾಮಿ ಜಗಲಿಯಲ್ಲಿ ಕೂತಿದ್ದರು. ಎದ್ದು ನಿಂತು, ಟವೆಲಿನಿಂದ ಜಗಲಿ ಒರೆಸಿ ಕೂರಿಸಿದರು. ಮರ್ಯಾದೆಗೆ ಕೊರತೆಯಿಲ್ಲ. ಮಾತು ಮಾತ್ರ ಕಲ್ಲು.

"ಟೀಚರಮ್ಮ, ನಾವು ಓದ್ದೋರಲ್ಲ. ನಿಮ್ಮ ಇನ್‌ಸ್ಟಾ ಗಿನ್‌ಸ್ಟಾ ನಮ್ಗೆ ತಿಳ್ಯಾಕಿಲ್ಲ. ನನ್ ತಮ್ಮನ್ ಮಗ ಶಿವಾ ತಂದು ತೋರ್ಸ್ದ. ಊರ್ನಾಗೆ ತಲೆ ಎತ್ಕಂಡು ಓಡಾಡಾಕಾಗ್ತಿಲ್ಲ. ಅಷ್ಟ್ ಮಾತ್ರ ತಿಳಿದೈತೆ."

"ಅವಳು ಮಾಡಿರೋದಲ್ಲ ಅಣ್ಣ. ಅವಳ ಹತ್ರ ಫೋನೇ ಇಲ್ಲವಲ್ಲ."

"ಅವರಮ್ಮನ ಫೋನ್ ಐತಲ್ಲ. ಪೋದುಂ ಟೀಚರಮ್ಮ, ಓದಿದ್ದು ಸಾಕು. ಕಂಬೈನಲ್ಲೂರ್ನಾಗೆ ಅವಳತ್ತೆ ಅವ್ಳೆ. ಅಲ್ಲಿಗ್ ಕಳಿಸ್ತೀನಿ. ಮನೆ ಕೆಲ್ಸ ಕಲ್ತ್ಕಳ್ಲಿ."

ಒಂಬತ್ತನೇ ಕ್ಲಾಸು. ಹದಿನಾಲ್ಕು ವರ್ಷ. ಅರ್ಧ ವಾರ್ಷಿಕ ಪರೀಕ್ಷೆಗೆ ಇನ್ನು ಮೂರು ವಾರ. ಈಗ ಕಂಬೈನಲ್ಲೂರಿಗೆ ಹೋದವಳು ವಾಪಸು ಬರುವುದಿಲ್ಲ. ಇಂಥ ಎಷ್ಟು ಹೆಸರು ನಾನೇ ರಿಜಿಸ್ಟರಿನಲ್ಲಿ ಕೆಂಪು ಗೆರೆ ಎಳೆದು ಹೊಡೆದಿದ್ದೇನೆ.

ಶಿವಾನನ್ನು ಕರೆಸಿ ಅವನ ಫೋನಿನಲ್ಲಿ ಅಕೌಂಟ್ ತೋರಿಸಿದರು. ಬಟಾಣಿ ಕಾಳಿನಷ್ಟು ಗುಂಡು ಫೋಟೋ. ಯೂನಿಫಾರ್ಮು, ಎರಡು ಜಡೆ. ನನ್ನ ಫೋನಿಗೆ ಒಂದು ಸ್ಕ್ರೀನ್‌ಶಾಟ್ ಕಳಿಸಿಕೊಂಡೆ, ಕಂಪ್ಲೇಂಟಿಗೆ ಬೇಕಾಗುತ್ತದೆ.

ಶರಣ್ಯ ಬಾಗಿಲ ಹಿಂದೆ ನಿಂತಿದ್ದಳು. ನೀನಾ ಎಂದು ಕೇಳಿದೆ. ಇಲ್ಲ ಎಂದು ತಲೆ ಆಡಿಸಿದಳು. ಆಮೇಲೆ ನನ್ನ ಮುಖವನ್ನೇ ನೋಡಿದಳು, ಏನೋ ಹೇಳುವವಳ ಹಾಗೆ. ಒಳಗೆ ಸರಿದಳು.

20 ನವೆಂಬರ್

ಅಕೌಂಟಿನ ಮೇಲೆ ರಿಪೋರ್ಟ್ ಕೊಟ್ಟೆ. ಇನ್ನೊಬ್ಬರ ಹೆಸರಿನಲ್ಲಿ ನಟನೆ, ಅಪ್ರಾಪ್ತ ವಯಸ್ಸಿನ ಹುಡುಗಿ ಎಂದು. ಸ್ಟಾಫ್ ರೂಮಿನ ಐದು ಜನರಿಂದಲೂ ಕೊಡಿಸಿದೆ.

ಕಳ್ಳನೂ ಸಿಕ್ಕಿದ. ರೋಜಾ ಫೋನಿನಲ್ಲಿ ಹೇಳಿದಳು. ಮೇ ತಿಂಗಳಲ್ಲಿ ಶರಣ್ಯ ದೊಡ್ಡವಳಾದ ಫಂಕ್ಷನ್ ಮಾಡಿದರಲ್ಲ, ಆಗ ಅವಳ ಸೋದರಮಾವ ಸೆಂದಿಲ್ ಬಸ್ ಸ್ಟಾಪಿನಲ್ಲಿ ಹತ್ತಡಿ ಫ್ಲೆಕ್ಸ್ ಕಟ್ಟಿಸಿದ್ದನಂತೆ. ಅದನ್ನೇ ಫೇಸ್‌ಬುಕ್ಕಿಗೂ ಹಾಕಿದ್ದಾನೆ. ಹುಡುಕಿದೆ. ಇದೆ. ರೇಷ್ಮೆ ಸೀರೆಯದೊಂದು ದೊಡ್ಡ ಫೋಟೋ, ಮೂಲೆಯಲ್ಲಿ ಅದೇ ಯೂನಿಫಾರ್ಮು, ಅದೇ ಎರಡು ಜಡೆ. ಹೆಸರು, ಕ್ಲಾಸು, ಶಾಲೆ, ಊರು, ತಾರೀಕು. ಹುಡುಗಿ ಮೈನೆರೆದ ವಿಷಯ ಹೈವೇಯಲ್ಲಿ ಹೋಗುವ ಲಾರಿಗಳಿಗೂ ಗೊತ್ತಾಗಬೇಕು. ಕೆಳಗೆ ಸಾಲಾಗಿ ಮೀಸೆ ಹೊತ್ತ ಗಂಡಸರು, ಕೈಮುಗಿದುಕೊಂಡು.

ನಾನಿಲ್ಲಿ ಗಂಟಲು ಹರಿದುಕೊಂಡು ಮೂರು ನಿಯಮ ಹೇಳಿಕೊಡುತ್ತೇನೆ. ಅಲ್ಲಿ ಮಾವ ಎನ್ನುವ ಮಹಾರಾಯ ಹತ್ತಡಿ ಎತ್ತರದಲ್ಲಿ ಹುಡುಗಿಯನ್ನು ನೇತುಹಾಕುತ್ತಾನೆ. ಫ್ಲೆಕ್ಸ್ ವೀರ. ಸಿಟ್ಟಿನಲ್ಲಿ ಪೆನ್ನು ಒತ್ತಿ ಕಾಗದ ಹರಿಯಿತು.

22 ನವೆಂಬರ್, ಶನಿವಾರ. ಮಧ್ಯಾಹ್ನ

ಮತ್ತೆ ಹೋದೆ. ಜಗಲಿಯ ಮೇಲೆ ಕೂತು ಪಾಠವನ್ನೇ ಮಾಡಿದೆ. ಫೋನಿನಲ್ಲಿ ಫ್ಲೆಕ್ಸ್ ತೋರಿಸಿದೆ. "ಅಣ್ಣ, ಕಾಯಬೇಕಾದವರೇ ಬೀದಿಗೆ ಹಾಕಿದರೆ ಹುಡುಗಿ ಏನು ಮಾಡುತ್ತೆ? ಬೇಲಿನೇ ಎದ್ದು ಹೊಲ ಮೇದರೆ ಯಾರಿಗೆ ದೂರು ಕೊಡೋದು?"

ಚೆನ್ನಾಗಿ ಮಾತಾಡಿದೆ. ಈಗ ನೆನೆದರೂ ಚೆನ್ನಾಗಿತ್ತು ಅನ್ನಿಸುತ್ತದೆ.

ಮುನುಸ್ವಾಮಿ ಫೋನು ನನ್ನ ಕೈಗೆ ವಾಪಸು ಕೊಟ್ಟರು. ಆಮೇಲೆ ಎದ್ದು ಕೊಟ್ಟಿಗೆಗೆ ಹೋದರು. ಆ ಫ್ಲೆಕ್ಸು ಈಗ ಅಲ್ಲಿ ಹಸುವಿಗೆ ಮಳೆ ಮರೆ. ಅದನ್ನು ಕಿತ್ತು, ಸುತ್ತಿ, ಅಂಗಳಕ್ಕೆ ಎಸೆದರು. ಮಗಳ ಕಡೆ ನೋಡಿ, "ಸೋಮವಾರ ಸ್ಕೂಲ್ಗೋಗು" ಎಂದರು. ಹೆಂಡತಿಗೆ, "ನಿನ್ ತಮ್ಮ ಇನ್ಮೇಲೆ ಈ ಮನೆ ವಾಸ್ಲು ತುಳೀಬಾರ್ದು" ಎಂದರು.

ರೋಜಾ ಸೆರಗು ಬಾಯಿಗಿಟ್ಟುಕೊಂಡಳು. ನನಗೆ ಪಾಪ ಅನ್ನಿಸಿತು, ಸ್ವಲ್ಪ. ಗೆದ್ದೆ ಅನ್ನಿಸಿದ್ದೇ ಹೆಚ್ಚು.

23 ನವೆಂಬರ್

ಅಕೌಂಟ್ ಹೋಗಿದೆ. ಮೂರು ಸಲ ಹುಡುಕಿ ನೋಡಿದೆ. ಇಲ್ಲ.

ರವಿಶಂಕರ್ ಶಂಕಗಿರಿಯಿಂದ ಬಂದಿದ್ದಾರೆ. ಲಾರಿ ಬುಕಿಂಗ್ ಆಫೀಸಿಗೆ ಭಾನುವಾರ ಮಾತ್ರ ರಜ. ಕಥೆಯೆಲ್ಲ ಕೇಳಿ, "ಮಾಡ್ದೋನು ಯಾರು?" ಎಂದರು. ಗೊತ್ತಿಲ್ಲ ಎಂದೆ. "ಮತ್ತೆ ಮಾವಂದೇ ತಪ್ಪು ಅಂತ ಎಂಗ್ ಗೊತ್ತಾಯ್ತು?" ಎಂದರು. ಇನ್ನೊಂದು ದೋಸೆ ಬೇಕಾ ಎಂದು ಕೇಳಿ ಒಳಗೆ ಬಂದೆ.

24 ನವೆಂಬರ್, ಸೋಮವಾರ. ಸಂಜೆ, ಬಸ್ಸು

ಶರಣ್ಯ ಬಂದಳು. ಎರಡನೇ ಬೆಂಚು ಬಿಟ್ಟು ಕೊನೆಯ ಬೆಂಚಿನಲ್ಲಿ ಕೂತಳು. ಖುಷಿಯಾಯಿತಾ ಎಂದೆ. ಹೂಂ ಮಿಸ್ ಎಂದಳು, ನೆಲ ನೋಡುತ್ತಾ.

ನಾಲ್ಕೂವರೆಗೆ ಗೇಟಿನ ಹತ್ತಿರ ಬೈಕಿನಲ್ಲಿ ಒಬ್ಬ. ಇಪ್ಪತ್ತಾರು ಇಪ್ಪತ್ತೇಳು ವಯಸ್ಸು. ಹಿಂದೆ ಕಟ್ಟಿದ ಸುರುಳಿ. "ನಾನೇ ಟೀಚರ್, ಸೆಂದಿಲ್" ಎಂದ. ಜಗಳಕ್ಕೆ ಸಿದ್ಧವಾದೆ. ಅವನು ಜಗಳವಾಡಲಿಲ್ಲ. ಸುರುಳಿ ಬಿಚ್ಚಿ ರಸ್ತೆಯ ಬದಿಗೆ ಹಾಸಿದ. ಹತ್ತಡಿ ಶರಣ್ಯ, ಸೆಗಣಿ ಕಲೆಗಳ ಸಮೇತ.

"ನೋಡಿ ಟೀಚರ್. ಫ್ಲೆಕ್ಸ್ ಅಂಗ್ಡಿಯೋನು ಹಿಂದೆ ಇದ್ದದ್ದೆಲ್ಲ ತಗ್ದು ಅರುವಿ ಹಾಕವ್ನೆ. ನೀರು ಬೀಳ್ತೈತಲ್ಲ, ಜಲಪಾತ. ಇದ್ರಾಗೆ ನೀಲಿ ಬಾಗ್ಲು ಐತಾ? ಆ ಕಳ್ ಅಕೌಂಟ್ನಾಗೆ ಇರೋ ಫೋಟೋದಾಗೆ ನೀಲಿ ಬಾಗ್ಲು ಐತೆ. ಶಿವಾ ತೋರ್ಸ್ದ."

"ನಿಮ್ಮ ಫೋನಲ್ಲಿ ಅಸಲು ಫೋಟೋ ಇತ್ತಲ್ಲ."

"ಅಂಗ್ಡಿಯೋನ್ಗೆ ಕಳಿಸ್ದೆ, ಅಕ್ಕಂಗೆ ಕಳಿಸ್ದೆ. ಬೇರೆ ಯಾರ್ಗೂ ಇಲ್ಲ. ನನ್ ಅಕ್ಕನ ಮಗ್ಳು ಟೀಚರ್. ಫಂಕ್ಷನ್‌ಗೆ ಸೀರೆ, ಹಣ್ಣು ಇಟ್ಟು ಸೀರ್ ತಟ್ಟೆ ಹೊತ್ಕಂಡ್ ಹೋದೋನು ನಾನು. ಅವ್ಳ ಮಾನ ನಾನ್ಯಾಕ್ ಕಳೀಲಿ."

ಹುಡುಗಿಯರು ಸುತ್ತ ನಿಂತು ನೋಡುತ್ತಿದ್ದರು. ಮೊದಲು ಅದನ್ನು ಸುತ್ತಿ ಎಂದೆ. ಸುತ್ತಿಕೊಂಡು ಹೋದ.

ಫೇಸ್‌ಬುಕ್ಕಿನಲ್ಲಿ ನಾನೂ ಆ ಜಲಪಾತ ನೋಡಿದ್ದೆ. ಕಣ್ಣಿಗೆ ಬಿದ್ದಿತ್ತು. ತಲೆಗೆ ಹೋಗಿರಲಿಲ್ಲ. ಫ್ಲೆಕ್ಸ್ ಅಂಗಡಿಯವನೇ ಇರಬೇಕು. ಅವನೇ.

25 ನವೆಂಬರ್. ಸಂಜೆ 5.15, ಬಸ್ ಸ್ಟ್ಯಾಂಡ್

ಅಕೌಂಟ್ ಹೋದರೂ ಸೈಬರ್ ಕಂಪ್ಲೇಂಟ್ ಕೊಟ್ಟಿರೋಣ, ಅಂಗಡಿಯವನ ಹೆಸರೂ ಬರೆಯೋಣ ಎಂದು ವೇಣುವಿನ ಬ್ರೌಸಿಂಗ್ ಸೆಂಟರಿಗೆ ಹೋದೆ. ಸ್ಕ್ರೀನ್‌ಶಾಟ್ ಕೊಟ್ಟೆ. "ಫೋಟೋ ಚಿಕ್ಕದೈತೆ ಮೇಡಂ, ದೊಡ್ಡದು ಮಾಡಿ ಕೊಡ್ತೀನಿ" ಎಂದ. ಎ4 ಹಾಳೆಯಲ್ಲಿ ಆ ಗುಂಡು ಫೋಟೋ ಒಂದನ್ನೇ ಪ್ರಿಂಟ್ ಹೊಡೆದ.

ನೀಲಿ ಬಾಗಿಲು. ಎರಡು ಜಡೆ. ಗಲ್ಲದ ಕೆಳಗೆ, ಐಡಿ ಕಾರ್ಡಿನ ಟ್ಯಾಗ್ ಇರುವಲ್ಲಿ, ಕೆಂಪು ಗೆರೆ. ಬಾಗಿದ ಗೆರೆ. ಚಿಕ್ಕದಾಗಿದ್ದಾಗ ರಿಬ್ಬನ್ ಅಂದುಕೊಂಡಿದ್ದೆ.

ನನ್ನ ಸುತ್ತು. ಐಡಿ ಕಾರ್ಡಿನ ಸುತ್ತ ನಾನೇ ಎಳೆದ ಕೆಂಪು ಸುತ್ತಿನ ಮೇಲರ್ಧ.

'ಮೊದಲು' ಸ್ಲೈಡು. ಮುಖ ಮಸುಕು ಮಾಡಿದ್ದು 'ನಂತರ'ದಲ್ಲಿ ಮಾತ್ರ. 'ಮೊದಲು' ಹಾಗೆಯೇ ಇತ್ತು. ಇನ್ನೂರ ಹನ್ನೆರಡು ಜನಕ್ಕೆ ಕಳಿಸಿದೆ. ಅವರು ಅವರವರ ಕ್ಲಾಸಿನ ಗ್ರೂಪುಗಳಿಗೆ ಕಳಿಸಿರುತ್ತಾರೆ. ಮಾದರಿ ಪಾಠ ಅಲ್ಲವೇ. ಯಾವ ಶಾಲೆಯ ಯಾವ ಹುಡುಗ ಕತ್ತರಿಸಿಕೊಂಡನೋ.

ವೇಣು "ಇನ್ನೊಂದು ಕಾಪಿ ಬೇಕಾ ಮೇಡಂ" ಎಂದ. ಬೇಡ ಎಂದೆ. ಸೇಲಂ ಬಸ್ಸು ಎರಡು ಹೋದವು. ಹತ್ತಲಿಲ್ಲ. ನಾಚಿಕೆಯಾಗುತ್ತಿದೆ. ಬೇರೆ ಪದ ಇಲ್ಲ.

26 ನವೆಂಬರ್

ಎಚ್ಎಂ ಎದುರು ಹಾಳೆ ಇಟ್ಟೆ. ಬಾಗಿಲು ಹಾಕಿ ಬಂದರು.

"ಅಕೌಂಟ್ ಹೋಯಿತು. ಹುಡುಗಿ ಬಂದಳು. ಈಗ ಯಾಕೆ ಕೆದಕುತ್ತೀಯ?"

"ಆ ಸೆಂದಿಲ್‌ನನ್ನು ಮನೆಯಿಂದ ಆಚೆ ಹಾಕಿದ್ದಾರೆ ಮೇಡಂ. ನಾನು ಹೇಳಿದ್ದಕ್ಕೆ."

"ಭಾವ ಭಾವಮೈದುನ ಇವತ್ತು ಜಗಳ, ಪೊಂಗಲ್‌ಗೆ ಒಂದಾಗುತ್ತಾರೆ. ನೀನು ಹೇಳಿದರೆ ನಿನಗೆ ಮೆಮೊ, ನನಗೆ ಮೆಮೊ. ಅದೂ ಹೋಗಲಿ. ಶಾಲೆಯಿಂದಲೇ ಫೋಟೋ ಹೋಯಿತು ಅಂತ ಗೊತ್ತಾದರೆ ಆ ಅಪ್ಪ ಅವಳನ್ನು ಮತ್ತೆ ಕಳಿಸುತ್ತಾನಾ, ಯೋಚನೆ ಮಾಡು."

ಯೋಚನೆ ಮಾಡಿದೆ. ಅವರು ಹೇಳಿದ್ದು ಸರಿ. ಸರಿ ಎಂಬುದೇ ಇನ್ನೂ ಸಿಟ್ಟು ಬರಿಸುತ್ತದೆ. ಕಂಪ್ಲೇಂಟ್ ಹಾಳೆ ಬ್ಯಾಗಿನಲ್ಲೇ ಇದೆ.

27 ನವೆಂಬರ್. ಮಧ್ಯಾಹ್ನ, ಸ್ಟಾಫ್ ರೂಮು

ಊಟದ ಹೊತ್ತಿನಲ್ಲಿ ಶರಣ್ಯಳನ್ನು ಬೇವಿನ ಮರದ ಹತ್ತಿರ ಕರೆದೆ. ಹಾಳೆ ತೋರಿಸಿದೆ. ಕೆಂಪು ಗೆರೆಯ ಮೇಲೆ ಬೆರಳಿಟ್ಟೆ. ಹೇಳಲು ಬಾಯಿ ತೆರೆದೆ.

"ಗೊತ್ತು ಮಿಸ್" ಎಂದಳು.

"ಯಾವಾಗಿಂದ?"

"ಶಿವಾಣ್ಣ ತೋರ್ಸಿದ್ ದಿನಾನೇ. ನೀವು ಬೋರ್ಡ್ ಮೇಲೆ ತೋರ್ಸಿದ್ದೇ ತಾನೇ ಅದು." ಕಣ್ಣಲ್ಲಿ ನೀರು ಬಂತು. "ಕ್ಲಾಸ್ಗೆ ಅಂತ ಕೊಟ್ಟೆ ಮಿಸ್."

ಅಷ್ಟೇ ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಯಾಕೆ ಹೇಳಲಿಲ್ಲ ಎಂದೆ. ಅಪ್ಪನಿಗೆ ಸ್ಕೂಲಿಂದ ಓಯ್ತು ಅಂತ ತಿಳಿದರೆ ಮತ್ತೆ ಬಿಡ್ತಾರಾ ಮಿಸ್ ಎಂದಳು. ನಿಮ್ಮುನ್ನೂ ಸುಮ್ನೆ ಬಿಡಾಕಿಲ್ಲ ಎಂದಳು. ಹದಿನಾಲ್ಕು ವರ್ಷದ ಹುಡುಗಿ ನನ್ನ ಕೆಲಸವನ್ನೂ ತನ್ನ ಓದನ್ನೂ ಒಟ್ಟಿಗೆ ಹೊತ್ತುಕೊಂಡು ಬಾಗಿಲ ಹಿಂದೆ ನಿಂತಿದ್ದಳು. ನಾನು ಜಗಲಿಯ ಮೇಲೆ ಕೂತು ಬೇಲಿ, ಹೊಲ ಎಂದು ಭಾಷಣ ಮಾಡಿದ್ದೆ.

"ನಾನು ಇವತ್ತೇ ಬಂದು ನಿಮ್ಮಪ್ಪನಿಗೆ ಹೇಳುತ್ತೇನೆ" ಎಂದೆ.

"ನನ್ನ ಕೇಳಿದ್ರಾ ಮಿಸ್?"

ಮೂರನೇ ನಿಯಮ. ನಾನೇ ಬರೆದದ್ದು, ದೊಡ್ಡ ಅಕ್ಷರದಲ್ಲಿ.

ಕೇಳಿದೆ. ಏನು ಮಾಡಲಿ ಎಂದು ಕೇಳಿದೆ. ಅವಳು ಮರದ ತೊಗಟೆ ಕೆರೆದಳು. "ಮಾಮಂಗೆ ಯೋಳಿ. ಅವ್ರು ನಮ್ಮನೆ ದಾರೀಲೇ ಬರಾದಿಲ್ಲ ಈಗ. ಅಪ್ಪಂಗೆ ಪರೀಕ್ಷೆ ಮುಗುದ್ಮ್ಯಾಲೆ. ಒಂದ್ ಪರೀಕ್ಷೆನಾದ್ರೂ ಬರೆದ್ ಬುಡ್ತೀನಿ."

29 ನವೆಂಬರ್, ಶನಿವಾರ

ಸೆಂದಿಲ್‌ಗೆ ಹೇಳಿದೆ. ಬಸ್ ಸ್ಟಾಪಿನ ಟೀ ಅಂಗಡಿಯಲ್ಲಿ, ಅವನ ಫ್ಲೆಕ್ಸ್ ಕಟ್ಟಿದ್ದ ಅದೇ ಕಂಬಗಳ ಎದುರಿಗೆ. ಬೈಗುಳ ಕೇಳಲು ತಯಾರಾಗಿ ಹೋಗಿದ್ದೆ.

ಅವನು ಟೀ ಕುಡಿದು ಮುಗಿಸಿದ. ಆಮೇಲೆ, "ಪರೀಕ್ಷೆ ಯಾವತ್ತು ಮುಗೀತದೆ?" ಎಂದ.

"ಇಪ್ಪತ್ಮೂರು."

"ಸರಿ ಬಿಡಿ. ಅಲ್ಲೀಗಂಟ ನಾನೇ ಅಂತ ಇರ್ಲಿ. ಭಾವ ಬೈದ್ರೆ ಬೈಸ್ಕಂತೀನಿ. ನಮ್ ಪುಳ್ಳ, ನಮ್ ಹುಡ್ಗಿ ಓದ್ಬೇಕು."

ಟೀ ಕಾಸನ್ನೂ ಕೊಡಲು ಬಿಡಲಿಲ್ಲ. ಫ್ಲೆಕ್ಸ್ ವೀರ ಎಂದು ಬರೆದಿದ್ದೇನೆ ಹಿಂದಿನ ಪುಟದಲ್ಲಿ. ಹೊಡೆದುಹಾಕೋಣ ಎಂದು ಪೆನ್ನು ಇಟ್ಟೆ. ಬೇಡ. ಇರಲಿ. ನಾನು ಎಂಥವಳು ಎಂಬುದಕ್ಕೆ ಸಾಕ್ಷಿ.

1 ಡಿಸೆಂಬರ್

ಗ್ರೂಪಿನಲ್ಲಿ ಬರೆದೆ. ಎಚ್ಎಂ ಅನ್ನು ಕೇಳದೆ. 'ನಾನು ಕಳಿಸಿದ ಪಿಪಿಟಿಯಲ್ಲಿ ವಿದ್ಯಾರ್ಥಿನಿಯ ಮುಖ ಮರೆಮಾಡಿಲ್ಲ. ತಪ್ಪು ನನ್ನದು. ದಯವಿಟ್ಟು ಎಲ್ಲರೂ ಅಳಿಸಿ, ಮುಂದೆ ಕಳಿಸಿದ್ದರೆ ಅವರಿಂದಲೂ ಅಳಿಸಿಸಿ.' ಹೆಸರಿಲ್ಲ, ಊರಿಲ್ಲ.

ಮೂರು ಹೆಬ್ಬೆಟ್ಟು. ಒಬ್ಬರು ಹೂವಿನ ಗುಡ್ ಮಾರ್ನಿಂಗ್ ಹಾಕಿದರು. ಇನ್ನೊಬ್ಬರು, "ಯಾವ ಪಿಪಿಟಿ ಮೇಡಂ? ನನಗೆ ಸಿಕ್ಕಿಲ್ಲ, ಮತ್ತೊಮ್ಮೆ ಕಳಿಸಿ" ಎಂದರು.

ಫೋನ್ ಗೋಡೆಗೆ ಎಸೆಯಬೇಕು ಅನ್ನಿಸಿತು. ಒಬ್ಬೊಬ್ಬರಿಗೇ ಫೋನ್ ಮಾಡುತ್ತೇನೆ. ಇನ್ನೂರ ಹನ್ನೊಂದು. ಇವತ್ತು ಹದಿನಾಲ್ಕು ಆಯಿತು.

3 ಡಿಸೆಂಬರ್

ನಲವತ್ತೊಂದು. ಮೆಮೊ ಬಂತು. ಮೂರು ದಿನದೊಳಗೆ ವಿವರಣೆ ಕೊಡಬೇಕು. ಕೊಡುತ್ತೇನೆ. ಎಚ್ಎಂ ಮಾತು ಬಿಟ್ಟಿದ್ದಾರೆ.

10 ಡಿಸೆಂಬರ್. ರಾತ್ರಿ

ಮೊದಲ ಪರೀಕ್ಷೆ. ಮುನುಸ್ವಾಮಿ ತಾವೇ ಮಗಳನ್ನು ಮೊಪೆಡ್‌ನಲ್ಲಿ ಕರೆತಂದರು. ನನಗೆ ಒಂದು ಚೀಲ ಅವರೆಕಾಯಿ. ಹೊಲದಲ್ಲಿ ಬೆಳೆದದ್ದು, ಸೊಗಡು ಇನ್ನೂ ಇದೆ.

"ನಿಮ್ಮಿಂದ ನನ್ ಮಗ್ಳು ಉಳ್ಕಂಡ್ಲು ಟೀಚರಮ್ಮ. ಮನೆಯೋನ್ ಅನ್ನಿಸ್ಕಂಡೋನೇ ಬೀದೀಗಾಕ್ದ. ನೀವು ಕೈ ಇಡುದ್ರಿ."

ರಸ್ತೆಯ ಆಚೆ ಟೀ ಅಂಗಡಿಯಲ್ಲಿ ಸೆಂದಿಲ್ ನಿಂತಿದ್ದ. ಅಕ್ಕನ ಮಗಳು ಪರೀಕ್ಷೆಗೆ ಹೋಗುವುದನ್ನು ದೂರದಿಂದ ನೋಡಲು ಬಂದವನು. ಮುನುಸ್ವಾಮಿ ಅತ್ತ ನೋಡಿ ಉಗಿದರು. ಅವನು ತಲೆ ತಗ್ಗಿಸಿದ.

ನಿಜ ಬಾಯಿಯವರೆಗೆ ಬಂತು. ಶರಣ್ಯ ನನ್ನನ್ನೇ ನೋಡುತ್ತಿದ್ದಳು. ಚೀಲ ತೆಗೆದುಕೊಂಡೆ.

ಮನೆಯಲ್ಲಿ ಆ ಅವರೆಕಾಯಿ ಯಾರಿಗೂ ಸುಲಿಯಲು ಬಿಟ್ಟಿಲ್ಲ. ಅಡುಗೆ ಮನೆಯ ಮೂಲೆಯಲ್ಲಿ ಬಿದ್ದಿದೆ.

19 ಡಿಸೆಂಬರ್

ಗಣಿತ ಪೇಪರು. ಶರಣ್ಯ ಕೊನೆಯ ಬೆಲ್‌ವರೆಗೂ ಬರೆದಳು. ನೂರ ಎಂಬತ್ತಮೂರು ಫೋನ್ ಆಯಿತು. ಇಬ್ಬರು ಬೈದರು. ಒಬ್ಬರು ಅತ್ತರು, ತಾನೂ ಹೀಗೆ ಒಂದು ಹುಡುಗಿಯ ಫೋಟೋ ಕಳಿಸಿದ್ದೆ ಎಂದು.

23 ಡಿಸೆಂಬರ್, ಮಂಗಳವಾರ. ಸಂಜೆ 4.50, ಶರಣ್ಯಳ ಮನೆ ಜಗಲಿ

ಪರೀಕ್ಷೆ ಮುಗಿಯಿತು. ಗೇಟಿನ ಹತ್ತಿರ ಶರಣ್ಯ ಕಾಯುತ್ತಿದ್ದಳು. "ಇವತ್ತು ಯೋಳಿ ಮಿಸ್. ನಾನೂ ಪಕ್ಕದಾಗೆ ಕೂತ್ಕಂತೀನಿ" ಎಂದಳು. ಇಬ್ಬರೂ ನಡೆದು ಬಂದೆವು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಹೊಂದಿಸಿದೆ. ಎಲ್ಲಿಂದ ಶುರು ಮಾಡಿದರೂ ನನ್ನನ್ನು ನಾನೇ ಕಾಪಾಡಿಕೊಳ್ಳುವ ಮಾತೇ ಮೊದಲು ಬರುತ್ತದೆ.

ಜನವರಿಯಲ್ಲಿ ಇವಳು ಬರುತ್ತಾಳೋ ಇಲ್ಲವೋ ಈ ಜಗಲಿಯ ಮೇಲೆ ತೀರ್ಮಾನವಾಗುತ್ತದೆ.

ರೋಜಾ ಒಳಗೆ ಟೀ ಕಾಯಿಸುತ್ತಿದ್ದಾಳೆ. ಸೆಂದಿಲ್ ಬೇಲಿಯಾಚೆ ಬೈಕಿನ ಮೇಲೆ ಕೂತಿದ್ದಾನೆ, ವಾಸಲು ತುಳಿಯದೆ. ಮುನುಸ್ವಾಮಿ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದಾರೆ. ಅವರು ಬರುವ ತನಕ ಬರೆಯುತ್ತಿದ್ದೇನೆ.

ಶರಣ್ಯ ಪುಟದ ಮೇಲೆ ಬಗ್ಗಿ, "ಇದು ನಮ್ ಮಾತಾ ಮಿಸ್? ಬರೆಯಾಕೂ ಬತ್ತದಾ?" ಎಂದಳು. ಬರುತ್ತದೆ ಎಂದೆ. "ನಾನೂ ಇದ್ದೀನಾ ಅದ್ರಾಗೆ?" ಇದ್ದೀಯ ಎಂದೆ. ಓದಿ ಹೇಳಲಾ, ನಿಮ್ಮಪ್ಪನಿಗೆ, ಎಲ್ಲವನ್ನೂ, ಎಂದು ಕೇಳಿದೆ. ಯೋಚಿಸಿ, ಹೂಂ ಎಂದಳು.

ಯಾರೂ ಓದಬಾರದು ಎಂದು ಬರೆದದ್ದು. ಹೆಬ್ಬೆಟ್ಟು ಎಣಿಸಿದ್ದು ಇದೆ. ಫ್ಲೆಕ್ಸ್ ವೀರ ಇದೆ. ಗೆದ್ದೆ ಅನ್ನಿಸಿದ್ದು ಇದೆ. ಇರಲಿ. ಮಸುಕು ಮಾಡುವುದಿಲ್ಲ.

ಬಂದರು. ಟವೆಲು ಹಾಸಿ ಕೂತರು. "ಏನ್ ಬರೀತಾ ಇದ್ದೀರಿ ಟೀಚರಮ್ಮ?" ಎಂದರು. ಓದುತ್ತೇನೆ ಅಣ್ಣ, ಪೂರ್ತಿ ಕೇಳಿ ಆಮೇಲೆ ಬೈಯಿರಿ ಎಂದೆ. ಮೊದಲ ಪುಟ, ನವೆಂಬರ್ ನಾಲ್ಕರಿಂದ ಶುರು. ಪೆನ್ನು ಕೆಳಗಿಡುತ್ತಿದ್ದೇನೆ.